ಸಾವಿರ ದಿನದ ಬುತ್ತಿ

ದೂರದ ಊರಿಗೆ ಹೊರಟವರನ್ನು ನಾವು ಮೊದಲು ಕೇಳುವುದು ಯಾವ ಗಾಡಿಗೆ ಹೊರಟಿರಿ ಎಂದು. ಸೌರಮಂಡಲದ ದೀರ್ಘ ಸಂಚಾರವನ್ನು ಕಾಗದದ ಮೇಲೆ ಯೋಜಿಸುವವರಿಗೆ ಗಾಡಿಯ ಪ್ರಶ್ನೆ ಬರುವುದು ಆಮೇಲೆ. ಹೊರಡುವ ದಿನ ಯಾವುದು, ಮರಳುವ ದಿನ ಯಾವುದು, ನಡುವೆ ಎಷ್ಟು ಜನ ಎಷ್ಟು ದಿನ ಉಣ್ಣಬೇಕು, ಕೆಟ್ಟದ್ದನ್ನು ರಿಪೇರಿ ಮಾಡುವವರು ಯಾರು, ಇಬ್ಬರು ಜಗಳವಾಡಿದರೆ ಬಿಡಿಸುವವರು ಯಾರು? ಇವಕ್ಕೆಲ್ಲ ಒಂದಕ್ಕೊಂದು ತಾಳೆಯಾಗುವ ಉತ್ತರ ಹೊಂದಿಸುವುದೇ ಒಂದು ಕಸುಬು. ಪ್ರಯಾಣ ಇನ್ನೂ ಕಲ್ಪನೆಯದ್ದಾದರೂ ಅದರ ಅಂಕಿಗಳು ಬಹುಮಟ್ಟಿಗೆ ಅಳೆದು ತಿಳಿದವು.

ಹಾವೇರಿ ಜಿಲ್ಲೆಯಲ್ಲಿ, ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಕುಳಿತು, ಆರು ಜನರ ಒಂದು ನೌಕೆಯನ್ನು ಮಂಗಳಕ್ಕೆ ಕಳಿಸಿ ಮರಳಿ ಕರೆತರುವ ಲೆಕ್ಕ ಹಾಕೋಣ. ನೋಟ್‌ಬುಕ್ಕು, ಪೆನ್ನು ಸಾಕು. ಹಾವೇರಿ ಜಿಲ್ಲೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಲೆಕ್ಕ ಮುಂದುವರಿದ ಹಾಗೆ ಅದು ಬ್ಯಾಡಗಿಯ ಮಾರುಕಟ್ಟೆಯನ್ನೂ ರಾಣೆಬೆನ್ನೂರಿನ ಹೊಲಗಳನ್ನೂ ಹಾದೇ ಹೋಗುತ್ತದೆ.

ಹೊರಡುವ ದಿನ

ಭೂಮಿ ಸೂರ್ಯನನ್ನು 365 ದಿನಗಳಲ್ಲಿ ಸುತ್ತಿದರೆ ಮಂಗಳಕ್ಕೆ 687 ದಿನ ಬೇಕು. ಎರಡೂ ಓಡುತ್ತಲೇ ಇರುವುದರಿಂದ ಇವತ್ತು ಮಂಗಳ ಕಂಡ ಜಾಗಕ್ಕೆ ಗುರಿಯಿಟ್ಟು ಹೊರಟರೆ, ನೌಕೆ ಮುಟ್ಟುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ. ತಿಂಗಳುಗಳ ನಂತರ ಅದು ಬಂದು ಸೇರಲಿರುವ ಜಾಗಕ್ಕೆ ಹೊರಡಬೇಕು. ಹೀಗೆ ಕಡಿಮೆ ಇಂಧನದಲ್ಲಿ ಒಂದು ಕಕ್ಷೆಯಿಂದ ಇನ್ನೊಂದಕ್ಕೆ ದಾಟಿಸುವ ದಾರಿಯ ಲೆಕ್ಕವನ್ನು ಜರ್ಮನಿಯ ವಾಲ್ಟರ್ ಹೋಮನ್ 1925ರಲ್ಲೇ ಪ್ರಕಟಿಸಿದ. ಆ ದಾರಿಯಲ್ಲಿ ಮಂಗಳಕ್ಕೆ ಸುಮಾರು 259 ದಿನ. ದಾರಿ ತೆರೆಯುವುದು 26 ತಿಂಗಳಿಗೊಮ್ಮೆ.

ಇಸ್ರೊದ ಮಂಗಳಯಾನವೂ ಈ ಕಟ್ಟಿಗೆ ಒಳಪಟ್ಟೇ ನಡೆಯಿತು. 2013ರ ನವೆಂಬರ್ 5ರಂದು ಹಾರಿದ ಪಿಎಸ್‌ಎಲ್‌ವಿ ರಾಕೆಟ್ಟಿಗೆ ನೌಕೆಯನ್ನು ನೇರವಾಗಿ ಮಂಗಳದ ದಾರಿಗೆ ಎಸೆಯುವ ಕಸುವಿರಲಿಲ್ಲ. ಅದಕ್ಕೆ ನೌಕೆಯನ್ನು ಭೂಮಿಯ ಸುತ್ತಲೇ ತಿರುಗಿಸಿದರು. ಭೂಮಿಗೆ ಹತ್ತಿರ ಬಂದಾಗಲೆಲ್ಲ ಎಂಜಿನ್ ಉರಿಸಿ ಕಕ್ಷೆ ಹಿಗ್ಗಿಸುತ್ತ ಹೋದರು. ಡಿಸೆಂಬರ್ 1ರಂದು ಭೂಮಿಯ ಹಿಡಿತದಿಂದ ಬಿಡಿಸಿದರು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆ ಸೇರಿತು. ಕೈಯಲ್ಲಿದ್ದ ರಾಕೆಟ್ಟಿಗೆ ತಕ್ಕಂತೆ ದಾರಿಯನ್ನೇ ಬಗ್ಗಿಸಿಕೊಂಡ ಈ ಜಾಣ್ಮೆಯನ್ನು ಎಷ್ಟು ಸಲ ಓದಿದರೂ ಖುಷಿಯಾಗುತ್ತದೆ.

ನೌಕೆಯೊಳಗೆ ಜನ ಕುಳಿತರೆ ಅವರು ಮರಳಲೂ ಬೇಕು. ಮಂಗಳ ಮುಟ್ಟಿದ ಕೂಡಲೇ ಹಿಂದಿರುಗಲು ಆಗದು, ಆಗ ಭೂಮಿ ಬೇರೆಲ್ಲೋ ಇರುತ್ತದೆ. ಮರಳುವ ದಾರಿ ತೆರೆಯುವವರೆಗೆ ಸುಮಾರು 455 ದಿನ ಅಲ್ಲೇ ಕಾಯಬೇಕು. ಹೋಗಲು 259, ಕಾಯಲು 455, ಬರಲು 259, ಒಟ್ಟು 973 ದಿನ. ಹೆಚ್ಚುಕಡಿಮೆಗೆ ಇರಲೆಂದು ಸಾವಿರ ದಿನ ಎಂದು ಬರೆದುಕೊಳ್ಳೋಣ.

ಉಗ್ರಾಣ

ಬಾಹ್ಯಾಕಾಶ ನಿಲ್ದಾಣದ ಅನುಭವದ ಪ್ರಕಾರ ಒಬ್ಬರ ಒಂದು ದಿನದ ಊಟ, ಪೊಟ್ಟಣದ ತೂಕವೂ ಸೇರಿ, ಸುಮಾರು 1.8 ಕಿಲೊ. ಆರು ಜನ, ಸಾವಿರ ದಿನ ಎಂದರೆ 10,800 ಕಿಲೊ. ನಮ್ಮ ಎಲ್‌ವಿಎಂ-3 ರಾಕೆಟ್ಟು ಭೂಮಿಯ ಕೆಳಕಕ್ಷೆಗೆ ಒಯ್ಯುವುದು ಸುಮಾರು 8 ಟನ್. ಬರೀ ಬುತ್ತಿಯನ್ನು ಮೇಲಕ್ಕೆ ಸಾಗಿಸಲು ಒಂದು ರಾಕೆಟ್ಟು ಸಾಲದು.

ನೀರಿನ ಲೆಕ್ಕ ಹೀಗಲ್ಲ. ಕುಡಿಯಲು, ಅಡುಗೆಗೆ ದಿನಕ್ಕೆ ತಲೆಗೆ 3 ಲೀಟರ್ ಹಿಡಿದರೆ ಒಟ್ಟು 18,000 ಲೀಟರ್ ಬೇಕು. ಆದರೆ ಕುಡಿದ ನೀರು ಎಲ್ಲಿಯೂ ಹೋಗುವುದಿಲ್ಲ. ಉಸಿರು, ಬೆವರು, ಮೂತ್ರವಾಗಿ ನೌಕೆಯೊಳಗೇ ಉಳಿಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2023ರಲ್ಲಿ ಈ ನೀರಿನ 98 ಪ್ರತಿಶತವನ್ನು ಶುದ್ಧಮಾಡಿ ಮರಳಿ ಪಡೆಯುವ ಮಟ್ಟ ಮುಟ್ಟಿತು. ಅಷ್ಟೇ ಸಾಧಿಸಿದರೆ ನಮ್ಮ ನೌಕೆ ಸಾವಿರ ದಿನಗಳಲ್ಲಿ ಕಳೆದುಕೊಳ್ಳುವುದು 360 ಲೀಟರ್ ಮಾತ್ರ. 90 ಪ್ರತಿಶತಕ್ಕೇ ನಿಂತರೆ ನಷ್ಟ 1,800 ಲೀಟರ್‌ಗೆ ಏರುತ್ತದೆ. ಕೊನೆಯ ಎಂಟು ಪ್ರತಿಶತಕ್ಕಾಗಿ ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿದ್ದು ಏಕೆಂದು ಈ ಎರಡು ಅಂಕಿ ನೋಡಿದರೆ ತಿಳಿಯುತ್ತದೆ.

ಉಸಿರಾಡಲು ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅದನ್ನು ನೀರನ್ನೇ ವಿದ್ಯುತ್ತಿನಿಂದ ಒಡೆದು ಪಡೆಯಬಹುದು. ಹಾಗಾಗಿ ನೀರಿನ ಚೀಲಗಳು ಉಗ್ರಾಣದ ಆಸ್ತಿ. ಅವನ್ನು ಮಲಗುವ ಕೋಣೆಯ ಗೋಡೆಗೆ ಒತ್ತಾಗಿ ಜೋಡಿಸಿದರೆ ಸೂರ್ಯ ಸಿಡಿದಾಗ ಬರುವ ವಿಕಿರಣವನ್ನೂ ಒಂದಷ್ಟು ತಡೆಯುತ್ತವೆ. ಒಂದು ವಸ್ತುವಿಗೆ ಎರಡು ಕೆಲಸ ಹಚ್ಚುವುದು ಈ ಕಸುಬಿನ ನಿತ್ಯದ ರೂಢಿ.

ಅಡುಗೆಮನೆ, ಹೊಲ

ಉತ್ತರ ಕರ್ನಾಟಕದವರು ದೂರ ಪ್ರಯಾಣಕ್ಕೆ ಕಟ್ಟಿಕೊಳ್ಳುವುದು ಖಡಕ್ ಜೋಳದ ರೊಟ್ಟಿ. ಹಗುರ, ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೂ ನೌಕೆಯ ಪಟ್ಟಿಯಿಂದ ಅದನ್ನು ಕೈಬಿಡಬೇಕು. ಮುರಿದಾಗ ಉದುರುವ ಚೂರು ತೂಕವಿಲ್ಲದ ಕಡೆ ನೆಲಕ್ಕೆ ಬೀಳದೆ ತೇಲಿ ಕಣ್ಣಿಗೆ, ಮೂಗಿಗೆ, ಗಾಳಿ ಸೋಸುವ ಜಾಲರಿಗೆ ಹೊಗುತ್ತದೆ. ಬ್ರೆಡ್ಡಿನ ಬದಲು ಗಗನಯಾತ್ರಿಗಳು ಮೆತ್ತನೆಯ ಟೊರ್ಟಿಯಾ ಒಯ್ಯುವುದು ಇದೇ ಕಾರಣಕ್ಕೆ. ನಮ್ಮವರಿಗೆ ಬಿಸಿರೊಟ್ಟಿಯಷ್ಟು ಮೆತ್ತಗಿನದ್ದೇ ಆಗಬೇಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಗನಯಾನಕ್ಕೆ ಆಹಾರ ಸಿದ್ಧಪಡಿಸುವಾಗ ಇಂಥ ಕಟ್ಟಳೆಗಳನ್ನೇ ಎದುರಿಟ್ಟುಕೊಂಡಿರುತ್ತದೆ: ಉದುರಬಾರದು, ಚೆಲ್ಲಬಾರದು, ಕೆಡಬಾರದು, ಆದರೂ ಬಾಯಿಗೆ ರುಚಿಸಬೇಕು.

ರುಚಿಗೆ ಮೇಲೆ ಒಂದು ವಿಚಿತ್ರ ಅಡ್ಡಿಯಿದೆ. ತೂಕವಿಲ್ಲದಾಗ ಮೈಯ ದ್ರವ ತಲೆಯ ಕಡೆ ಏರುತ್ತದೆ, ನೆಗಡಿಯಾದಂತೆ ಮೂಗು ಕಟ್ಟುತ್ತದೆ, ಊಟ ಸಪ್ಪೆ ಎನಿಸುತ್ತದೆ. ಖಾರ ಬೇಕೆಂದು ಕೇಳುವ ಗಗನಯಾತ್ರಿಗಳು ಹಲವರು. ಆದರೆ ಪುಡಿಯನ್ನು ಉದುರಿಸುವಂತಿಲ್ಲ. ಅಲ್ಲಿ ಉಪ್ಪನ್ನು ನೀರಲ್ಲಿ, ಕಾಳುಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಕೊಡುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದರ ಕಡುಗೆಂಪು ಬಣ್ಣದ ಸತ್ವವನ್ನು ಓಲಿಯೊರೆಸಿನ್ ರೂಪದಲ್ಲಿ ತೆಗೆಯುವುದು ಈಗಾಗಲೇ ದೊಡ್ಡ ಉದ್ಯಮ. ದ್ರವ, ಕಡಿಮೆ ತೂಕ, ಒಂದೆರಡು ಹನಿ ಸಾಕು. ಬರೀ ಖಾರ ಬೇಕೆನ್ನುವವರಿಗಾಗಿ ಗುಂಟೂರಿನ ಒಂದು ಶೀಸೆಯನ್ನೂ ಜೊತೆಗಿಡಬಹುದು, ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ.

ಪೊಟ್ಟಣದ ಊಟದಲ್ಲೊಂದು ಕೊರತೆ ಉಂಟು. ಕೂಡಿಟ್ಟ ಆಹಾರದಲ್ಲಿ ಸಿ ಮತ್ತು ಬಿ-1 ಜೀವಸತ್ವಗಳು ವರ್ಷ ಕಳೆದಂತೆ ಕುಗ್ಗುತ್ತವೆ. ಕೆಲವೇ ತಿಂಗಳಿಗೊಮ್ಮೆ ಸರಕು ಹೋಗುವ ನಿಲ್ದಾಣಕ್ಕೆ ಇದು ತೊಡಕಲ್ಲ, ಸಾವಿರ ದಿನದ ನೌಕೆಗೆ ಹೌದು. ಒಣ ಹೆಸರುಕಾಳಿನಲ್ಲಿ ಸಿ ಜೀವಸತ್ವ ಇಲ್ಲವೆಂಬಷ್ಟು ಕಡಿಮೆ. ನೆನೆಸಿ ಮೊಳಕೆ ಬರಿಸಿದರೆ ಅದು ಹುಟ್ಟಿಕೊಳ್ಳುತ್ತದೆ. ಮಣ್ಣು ಬೇಡ, ದೀಪ ಬೇಡ, ಎರಡು ಮೂರು ದಿನ ಸಾಕು.

ತೂಕವಿಲ್ಲದ ಕಡೆ ಕಾಳು ಹೀಗೆಯೇ ಮೊಳೆಯುತ್ತದೆಯೇ, ಪೋಷಕಾಂಶ ಅಷ್ಟೇ ಇರುತ್ತದೆಯೇ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಬದಲಾಗುತ್ತವೆಯೇ? ಈ ಪ್ರಶ್ನೆಗಳನ್ನು ಹಿಡಿದು ಹೊರಟದ್ದು ಧಾರವಾಡ. ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯದ ಬೀಜ 2025ರ ಜೂನ್ 25ರಂದು ಹಾರಿದ ಆಕ್ಸಿಯಮ್-4 ಯಾನದಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವು. ಆ ಯಾನದ ಗಗನಯಾತ್ರಿ ಶುಭಾಂಶು ಶುಕ್ಲಾ ಅವಕ್ಕೆ ನೀರುಣಿಸಿ, ಮೊಳೆತದ್ದನ್ನು ಚಿತ್ರ ತೆಗೆದು, ನಿಲ್ದಾಣದ ಫ್ರೀಜರಿನಲ್ಲಿ ಇಟ್ಟರು. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿ ಕೃಷಿ ಕಾಲೇಜು ಕೂಡ ಇದೇ ವಿಶ್ವವಿದ್ಯಾಲಯದ್ದು. ನಮ್ಮ ನೋಟ್‌ಬುಕ್ಕಿನ ಉಗ್ರಾಣದ ಪುಟದಲ್ಲಿ ಮೊಳಕೆ ಕಾಳು ಎಂದು ಬರೆಯುವ ಸಾಲು ಹೀಗೆ ನಮ್ಮ ಸೀಮೆಯಲ್ಲೇ ಪರೀಕ್ಷೆಗೆ ಒಳಗಾಗುತ್ತಿದೆ.

ಮೊಳಕೆಯ ಮುಂದಿನ ಹೆಜ್ಜೆ ಕಾಯಿಪಲ್ಲೆ. 2021ರಲ್ಲಿ ನಿಲ್ದಾಣದಲ್ಲಿ ಮೆಣಸಿನ ಗಿಡ ಬೆಳೆಸಿ 137 ದಿನಗಳಲ್ಲಿ ಎರಡು ಸಲ ಕಾಯಿ ಕೊಯ್ದರು. ಅಲ್ಲಿ ದುಂಬಿಯಿಲ್ಲ. ಫ್ಯಾನಿನಿಂದ ಹೂ ಅಲುಗಿಸಿದ್ದಲ್ಲದೆ ಕೈಯಿಂದಲೂ ಪರಾಗ ಮುಟ್ಟಿಸಿದರು. ಈ ಕೈಕೆಲಸ ರಾಣೆಬೆನ್ನೂರಿನ ಸುತ್ತಲ ಹೊಲಗಳಲ್ಲಿ ಕೂಲಿಯ ಕೆಲಸ. ಹೈಬ್ರಿಡ್ ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಮೊಗ್ಗನ್ನು ಬಿಡಿಸಿ ಕೇಸರ ತೆಗೆದು, ಗಂಡುಗಿಡದ ಪರಾಗವನ್ನು ಶಲಾಕೆಗೆ ಮುಟ್ಟಿಸುತ್ತಾರೆ. ಊರವರ ಬಾಯಲ್ಲಿ ಅದು ಕ್ರಾಸಿಂಗ್. ಮೊಗ್ಗು ಯಾವಾಗ ಹದಕ್ಕೆ ಬಂದಿದೆ, ಬೆರಳಿಗೆ ಎಷ್ಟು ಒತ್ತು ಸಾಕು ಎಂಬುದು ಕೈಗೆ ಕೂಡಿ ಬಂದ ತಿಳಿವಳಿಕೆ. ಗುರುಗ್ರಹದಾಚೆಗಿನ ವರ್ಷಗಟ್ಟಲೆಯ ಪ್ರಯಾಣಕ್ಕೆ ಬೀಜ ಮಾಡಿಕೊಳ್ಳುವ ಗಿಡಗಳೇ ಬೇಕಾಗುತ್ತವೆ. ಆಗ ಸಿಬ್ಬಂದಿಗೆ ಪಾಠ ಹೇಳಲು ಇವರಿಗಿಂತ ಒಳ್ಳೆಯ ಗುರುಗಳನ್ನು ಎಲ್ಲಿ ಹುಡುಕಬೇಕು?

ಆರು ಜನ

ಗಗನಯಾನಕ್ಕೆ ಆಯ್ಕೆಯಾದ ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ ನಾಲ್ವರೂ ವಾಯುಪಡೆಯ ಪರೀಕ್ಷಾ ಪೈಲಟ್‌ಗಳು. ಬೆಂಗಳೂರಿನ ವಾಯುಪಡೆಯ ಅಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಅವರ ಮೈಮನಸ್ಸಿನ ತಪಾಸಣೆ ನಡೆಯಿತು. ಮೂರು ದಿನದ ಹೊಸ ನೌಕೆಗೆ ಪೈಲಟ್‌ಗಳೇ ಸರಿ. ಸಾವಿರ ದಿನದ ನೌಕೆಯಲ್ಲಿ ಹಾರಿಸುವ ಕೆಲಸ ಕೆಲವೇ ಗಂಟೆಗಳದ್ದು. ಉಳಿದದ್ದೆಲ್ಲ ಬಾಳುವ ಕೆಲಸ.

ನಮ್ಮ ಹಳೆಯ ಹಳ್ಳಿಗಳು ಹನ್ನೆರಡು ಮಂದಿ ಆಯಗಾರರ ಮೇಲೆ ನಿಂತಿದ್ದವು. ಬಡಿಗ, ಕಂಬಾರ, ಕುಂಬಾರ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಸುಗ್ಗಿಯಲ್ಲಿ ಕಾಳಿನ ಪಾಲು. ನೌಕೆಯೂ ಅಂಥದ್ದೇ ತನ್ನಷ್ಟಕ್ಕೆ ತಾನಿರಬೇಕಾದ ಊರು. ಎಂಜಿನಿಯರ್, ವೈದ್ಯ, ಪೈಲಟ್, ಸಸ್ಯವಿಜ್ಞಾನಿ, ಭೂವಿಜ್ಞಾನಿ, ಎಲೆಕ್ಟ್ರಾನಿಕ್ಸ್ ಬಲ್ಲವರು ಎಂದು ಪಟ್ಟಿ ಮಾಡುತ್ತೇವೆ. ಆದರೆ ಹುಟ್ಟಿನಿಂದ ಬಂದ ಒಂದೇ ಕಸುಬಿಗೆ ಒಬ್ಬರನ್ನು ಕಟ್ಟಿಹಾಕಿದ ಆ ಪದ್ಧತಿಯ ದೋಷ ನೌಕೆಯಲ್ಲಿ ಪ್ರಾಣಕ್ಕೇ ಮುಳುವಾದೀತು. ಕಂಬಾರ ಕಾಯಿಲೆ ಬಿದ್ದರೆ ಪಕ್ಕದ ಊರಿನ ಕಂಬಾರನನ್ನು ಕರೆಯುವಂತಿಲ್ಲ.

1961ರ ಏಪ್ರಿಲ್ 30ರ ರಾತ್ರಿ ಅಂಟಾರ್ಕ್ಟಿಕಾದ ನೋವೊಲಜರೆವ್‌ಸ್ಕಾಯಾ ಕೇಂದ್ರದಲ್ಲಿ ಇದ್ದ ಒಬ್ಬನೇ ವೈದ್ಯ ಲಿಯೊನಿದ್ ರೊಗೊಜೊವ್ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದ. ಒಬ್ಬ ಚಾಲಕ ಕನ್ನಡಿ ಹಿಡಿದ, ಹವಾಮಾನ ತಜ್ಞನೊಬ್ಬ ಉಪಕರಣ ಕೈಗಿತ್ತ. ಅದೇ ಶಿರ್ಮಾಚರ್ ಓಯಸಿಸ್‌ನಲ್ಲಿ ಈಗ ಭಾರತದ ಮೈತ್ರಿ ಕೇಂದ್ರವಿದೆ. ಆ ರಾತ್ರಿಯ ಪಾಠವನ್ನು ಯೋಜಕರು ನಿಯಮವಾಗಿಸಿಕೊಂಡಿದ್ದಾರೆ: ಯಾವ ಕೆಲಸವೂ ಒಬ್ಬರಿಗೇ ಗೊತ್ತಿರಬಾರದು. ವೈದ್ಯೆಗೆ ಪಂಪು ಬಿಚ್ಚಿ ಜೋಡಿಸಲು ಬರಬೇಕು, ಭೂವಿಜ್ಞಾನಿಗೆ ಗಾಯ ಹೊಲಿಯಲು ಬರಬೇಕು.

ಹಾಗೆಯೇ ಅಡುಗೆ, ಕಸಗುಡಿಸುವುದು, ಶೌಚಾಲಯ ತೊಳೆಯುವುದು ಎಲ್ಲರ ಸರದಿಗೂ ಬರಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಈಗಲೂ ಹಾಗೆಯೇ. ಹೊಸರಿತ್ತಿಗೆ ಇದನ್ನು ಹೊಸದಾಗಿ ವಿವರಿಸಬೇಕಿಲ್ಲ. ಗಾಂಧಿವಾದಿ ಗುದ್ಲೆಪ್ಪ ಹಳ್ಳಿಕೇರಿಯವರ ಈ ಊರಿನಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು, ಯಾವ ಕೆಲಸವೂ ಕೀಳಲ್ಲ ಎಂಬುದು ಗಾಂಧಿ ಶಿಕ್ಷಣದ ಮೊದಲ ಪಾಠ. ನೌಕೆಯ ಆಯ್ಕೆ ಸಮಿತಿ ಕೇಳುವುದೂ ಅದನ್ನೇ.

ಗುಣ ಅಳೆಯುವುದು ಕೌಶಲ ಅಳೆದಷ್ಟು ಸುಲಭವಲ್ಲ. 2010ರ ಜೂನ್‌ನಿಂದ 2011ರ ನವೆಂಬರ್‌ವರೆಗೆ ಮಾಸ್ಕೋದಲ್ಲಿ ಆರು ಜನ 520 ದಿನ ಮುಚ್ಚಿದ ನೌಕೆಯ ಮಾದರಿಯೊಳಗೆ ಬಾಳಿದರು. ಜಗಳಗಳಿಗಿಂತ ಹೆಚ್ಚಾಗಿ ಕಂಡದ್ದು ಜಡತೆ. ಓಡಾಟ ಕುಗ್ಗಿತು, ಹಲವರ ನಿದ್ದೆಯ ಲಯ ತಪ್ಪಿತು. ಅದಕ್ಕೇ ಎದೆಗಾರಿಕೆಯವರಿಗಿಂತ ಬೇಸರವನ್ನು ತಾಳಿಕೊಳ್ಳುವವರಿಗೆ ಇಲ್ಲಿ ಅಂಕ ಜಾಸ್ತಿ. ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮವೂ ಕಡ್ಡಾಯ. ಇಲ್ಲವಾದರೆ ತೂಕವಿಲ್ಲದ ಮೈ ಸೊಂಟ, ತೊಡೆಯ ಮೂಳೆಯನ್ನು ತಿಂಗಳಿಗೆ ಒಂದರಿಂದ ಒಂದೂವರೆ ಪ್ರತಿಶತ ಸವೆಸುತ್ತದೆ.

ತೀರ್ಮಾನ ಯಾರದು

ಮಂಗಳದಿಂದ ಒಂದು ಮಾತು ಭೂಮಿಗೆ ಬರಲು 3ರಿಂದ 22 ನಿಮಿಷ ಬೇಕು. ಮಂಗಳಯಾನ ಕಕ್ಷೆ ಸೇರಿದ ದಿನ ಸಂಕೇತಕ್ಕೆ ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನ 32 ಮೀಟರ್ ಆಂಟೆನಾ ಎಷ್ಟು ದೊಡ್ಡದಾದರೂ ಆ ಅಂತರವನ್ನು ಗೆಲ್ಲದು. ಅದಕ್ಕೇ ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿಸಿದ್ದರು. ಎಂಜಿನ್ ಉರಿಸುವ ಕ್ಷಣ ಬಂದಾಗ ಅದು ಯಾರನ್ನೂ ಕೇಳಲಿಲ್ಲ.

ಯಂತ್ರಕ್ಕೆ ಆದೇಶ ತುಂಬಿಸಬಹುದು, ಮನುಷ್ಯರಿಗೆ ಅಧಿಕಾರವನ್ನೇ ಕೊಡಬೇಕು. 1973ರ ನವೆಂಬರ್‌ನಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಮೂವರಿಗೆ ನೆಲದವರು ನಿಮಿಷ ನಿಮಿಷಕ್ಕೂ ಕೆಲಸ ಹಚ್ಚಿದ್ದರು. ಅವರು ಹಿಂದೆ ಬಿದ್ದರು, ದಣಿದರು. ಡಿಸೆಂಬರ್ 30ರಂದು ಎರಡೂ ಕಡೆಯವರು ಮನಬಿಚ್ಚಿ ಮಾತಾಡಿಕೊಂಡರು. ಬಿಡುವಿನ ಹೊತ್ತು ಬಿಟ್ಟುಕೊಟ್ಟು, ಸಣ್ಣಪುಟ್ಟ ಕೆಲಸದ ಸಮಯವನ್ನು ಅವರ ಆಯ್ಕೆಗೇ ಬಿಟ್ಟ ಮೇಲೆ ಕೆಲಸ ಚುರುಕಾಯಿತು. 84 ದಿನಗಳ ಯಾನವನ್ನು ಅವರು ಚೆನ್ನಾಗಿ ಮುಗಿಸಿದರು.

ಹಾಗಾಗಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಪಟ್ಟಿ ಬೇಕು: ನೆಲದವರು ತೀರ್ಮಾನಿಸುವುದು, ಹೊತ್ತಿದ್ದರೆ ಕೇಳಿ ಮಾಡುವುದು, ನೌಕೆಯವರೇ ತೀರ್ಮಾನಿಸುವುದು. ಮಂಗಳಕ್ಕೆ ಮೂರೂ ಹೆಚ್ಚುಕಡಿಮೆ ಸಮನಾಗಿರಬಹುದು. ಗುರುವಿನ ಹತ್ತಿರ ಒಂದು ಪ್ರಶ್ನೆಗೆ ಉತ್ತರ ಬರಲು ಒಂದು ಗಂಟೆಗೂ ಮೇಲೆ, ಶನಿಯ ಬಳಿ ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ವಾಯೇಜರ್-2ರಂತೆ ಹನ್ನೆರಡು ವರ್ಷಗಳಲ್ಲಿ ನೆಪ್ಚೂನ್‌ವರೆಗೆ ಸಾಗುವ ದಾರಿಯಾದರೆ ಎಂಟು ಗಂಟೆ. ದೂರ ಹೆಚ್ಚಿದಷ್ಟೂ ಮೊದಲ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಹೊಡೆದು ಮೂರನೆಯದಕ್ಕೆ ಸೇರಿಸುತ್ತ ಹೋಗಬೇಕು. ಅದನ್ನು ಹೊಡೆಯುವ ಪೆನ್ನು ನೆಲದ ಮೇಲೆ ಕುಳಿತ ಯೋಜಕರ ಕೈಯಲ್ಲೇ ಇರುತ್ತದೆ. ವರ್ಷಗಟ್ಟಲೆ ಕೂತು ಗ್ರಾಂ, ಲೀಟರ್, ನಿಮಿಷಗಳವರೆಗೆ ಲೆಕ್ಕ ಹಾಕಿದವರು, ಆ ಲೆಕ್ಕವನ್ನು ಬದಲಿಸುವ ಹಕ್ಕನ್ನು ಹೊರಡುವ ಮೊದಲೇ ಆ ಆರು ಜನರಿಗೆ ಬರೆದುಕೊಟ್ಟರೆ ಯೋಜನೆ ಪೂರ್ತಿಯಾದಂತೆ.