ಚಮಚ ಕಾಯಬೇಕಾದ ಜಾಗ

ಊಟವೆಂದರೆ ಬಾಯಿ ಬಿಗಿಯುವ ಪುಟ್ಟ ಮಕ್ಕಳಿಗೆ ಉಣ್ಣುವುದನ್ನು ರೂಢಿ ಮಾಡಿಸುವವರು ಫೀಡಿಂಗ್ ಥೆರಪಿಸ್ಟರು. ನುಂಗುವಾಗ ಕೆಮ್ಮು, ಮಲಬದ್ಧತೆ, ಏರದ ತೂಕ ಇವನ್ನೆಲ್ಲ ವೈದ್ಯರು ಪರೀಕ್ಷಿಸಿ ದೇಹದ ತೊಂದರೆ ಇಲ್ಲವೆಂದ ಮೇಲೆಯೇ ಅವರು ಹಟದ ಮಾತೆತ್ತುವುದು.

ಮೊದಲ ಕೆಲಸ ಹಸಿವಿಗೆ ಜಾಗ ಮಾಡುವುದು. ಮೊದಲ ವರ್ಷದಲ್ಲಿ ಮಗುವಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಎರಡನೇ ವರ್ಷ ಹೆಚ್ಚುವುದು ಎರಡು, ಎರಡೂವರೆ ಕಿಲೋ ಮಾತ್ರ. ಹಸಿವು ತಗ್ಗುವುದು ಸಹಜ. ಗಾಬರಿಬಿದ್ದ ಮನೆಯವರು ‘ಇದಾದರೂ ಹೊಟ್ಟೆಗೆ ಹೋಗಲಿ’ ಎಂದು ಹಾಲು, ಬಿಸ್ಕತ್ತು ಕೊಡುತ್ತಲೇ ಇರುತ್ತಾರೆ. ಥೆರಪಿಸ್ಟರು ಹಾಲನ್ನು ದಿನಕ್ಕೆ ಸುಮಾರು 500 ಮಿಲಿಗೆ ಇಳಿಸಿ, ಊಟ–ತಿಂಡಿಗಳ ನಡುವೆ ಎರಡು ಮೂರು ಗಂಟೆ ನೀರು ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ. ಊಟ ಅರ್ಧ ಗಂಟೆ ಮೀರುವಂತಿಲ್ಲ, ಮೊಬೈಲ್ ಇಲ್ಲ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ಎಷ್ಟು, ತಿನ್ನುವುದೋ ಬಿಡುವುದೋ ಎಂಬುದು ಮಗುವಿನ ಪಾಲು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿಕೊಟ್ಟ ಈ ಪಾಲುಪಟ್ಟಿಯನ್ನು ಅನೇಕರು ಅನುಸರಿಸುತ್ತಾರೆ.

ನಿಜವಾದ ಕುಶಲತೆ ಕಾಣುವುದು ಕೈಯಲ್ಲಿ. ಪಾದಕ್ಕೆ ಆಸರೆಯಿರುವ ಕುರ್ಚಿಯಲ್ಲಿ ಮಗು. ಅದರ ಕಣ್ಣಿಗೆ ಸಮನಾಗಿ ಥೆರಪಿಸ್ಟರ ಕಣ್ಣು. ಚಮಚದ ತುದಿಯಲ್ಲಿ ಸ್ವಲ್ಪವೇ ಅನ್ನ. ತುಟಿಗೆ ಗೇಣು ದೂರದಲ್ಲಿ ಚಮಚ ನಿಲ್ಲುತ್ತದೆ. ಮಗು ಮುಂದೆ ಬಾಗಿ ಬಾಯಿ ತೆರೆದರೆ ನೇರವಾಗಿ ಒಳಹೋಗಿ, ನಾಲಿಗೆಯನ್ನು ಮೆಲ್ಲಗೆ ಒತ್ತಿ, ಮೇಲ್ದವಡೆಗೆ ಕೆರೆಯದೆ ಹಾಗೇ ನೇರ ಹೊರಬರುತ್ತದೆ. ಮುಖ ತಿರುಗಿಸಿದರೆ ಹಿಂದಕ್ಕೆ. ಒತ್ತಾಯವಿಲ್ಲ, ‘ಜಾಣ ಮರಿ’ ಎಂಬ ಹೊಗಳಿಕೆಯ ಮಳೆಯೂ ಇಲ್ಲ. ಅಷ್ಟು ಹೊತ್ತು ಕೈಯನ್ನು ತಡೆದು ಹಿಡಿಯುವುದು ಸಣ್ಣ ಮಾತಲ್ಲ.

ಹೊಸ ರುಚಿಗೆ ದಾರಿ ಹಳೆಯ ರುಚಿಯಿಂದಲೇ. ಮೊಸರನ್ನ ಮಾತ್ರ ಒಪ್ಪುವ ಮಗುವಿಗೆ ಅದೇ ಮೊಸರನ್ನದಲ್ಲಿ ಚಿಟಿಕೆ ಬೇಯಿಸಿದ ಕ್ಯಾರೆಟ್ ತುರಿ. ಅದು ಒಗ್ಗಿದ ಮೇಲೆ ತುರಿ ಕೊಂಚ ದಪ್ಪ. ಒಮ್ಮೆಗೆ ಒಂದೇ ಬದಲಾವಣೆ. ತೀರ ಅಪರಿಚಿತ ಪಲ್ಯವಾದರೆ ತಟ್ಟೆಯಂಚಿನಲ್ಲಿ ಸುಮ್ಮನೆ ಇರಲಿ. ನೋಡುವುದು, ಮುಟ್ಟುವುದು, ಮೂಸುವುದು, ನೆಕ್ಕುವುದು, ಉಗಿಯುವುದು ಕೂಡ ಮುನ್ನಡೆಯೇ. ಒಂದು ರುಚಿ ಒಗ್ಗಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಬಡಿಸಬೇಕಾದೀತು. ಬಹಳಷ್ಟು ಮನೆಗಳು ಮೂರನೆಯ ಸಲಕ್ಕೇ ‘ಇವನಿಗೆ ಸೇರುವುದಿಲ್ಲ’ ಎಂದು ಕೈಬಿಡುತ್ತವೆ.

ಮನೆಯಲ್ಲಿ ಯಾರೇ ಒಬ್ಬರು ಸಂಜೆ ಒಂದು ಬಿಸ್ಕತ್ತು ಕೊಟ್ಟರೂ ರಾತ್ರಿಯ ಹಸಿವು ಹಾಳು. ಆದ್ದರಿಂದ ಒಳ್ಳೆಯ ಥೆರಪಿಸ್ಟರು ಅಪ್ಪ–ಅಮ್ಮನ ಜೊತೆ ಅಜ್ಜಿ–ತಾತನನ್ನೂ ಕೂರಿಸಿಕೊಂಡು, ಅವರ ಕೈಗೇ ಚಮಚ ಕೊಟ್ಟು ಕಲಿಸುತ್ತಾರೆ.