ಹಿಂದಿನ ಗುರಿಕಡ್ಡಿ ನಿಮ್ಮ ಕಣ್ಣೇ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಬಂದೂಕು ಎಂದರೆ ಬೆಳೆ ಕಾಯಲು ಲೈಸೆನ್ಸ್ ತೆಗೆದ ಜೋಡುನಳಿಗೆ. ಚುನಾವಣೆ ಘೋಷಣೆಯಾದರೆ ಠಾಣೆ ಸೇರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಹಿಡಿದು ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಆದರೆ ಆ ಕಾಯಿ ಇದ್ದಲ್ಲೇ ಇರುತ್ತದೆ. ಟ್ರ್ಯಾಪ್ ಎಂಬ ಶೂಟಿಂಗ್ ಸ್ಪರ್ಧೆಯಲ್ಲಿ ಗುರಿಯಾದ, ಚಹಾದ ಬಶಿಯಂಥ, 11 ಸೆಂ.ಮೀ. ಅಗಲದ ತಟ್ಟೆಯೊಂದು ಶೂಟರ್‌ನಿಂದ 15 ಮೀಟರ್ ಮುಂದಿನ ಗುಂಡಿಯಿಂದ ಚಿಮ್ಮಿ, ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ದೂರ ಓಡುತ್ತದೆ. ಈ ಆಟದಲ್ಲೇ ಬಿಕಾನೇರ್‌ನ ಕರ್ಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದರು. ಇದರ ಸೋದರ ಸ್ಪರ್ಧೆ ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದರು.

ಈ ಆಟಕ್ಕೆ ಬಂದೂಕು ಕೊಳ್ಳುವವರು ಮೊದಲು ಕೇಳುವುದು ಕಂಪನಿ ಯಾವುದು, ಬೆಲೆ ಎಷ್ಟು ಎಂದು. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆ: ಅದು ನಿಮ್ಮ ಮೈಗೆ ಕೂರುತ್ತದೆಯೇ?

ರೈಫಲ್‌ಗೆ ಹಿಂದೊಂದು, ಮುಂದೊಂದು ಗುರಿಕಡ್ಡಿ ಇರುತ್ತದೆ. ಟ್ರ್ಯಾಪ್‌ನಲ್ಲಿ ಬಳಸುವ, ಚರೆ ಹಾರಿಸುವ ಶಾಟ್‌ಗನ್‌ನಲ್ಲಿ ಇರುವುದು ನಳಿಗೆಯ ತುದಿಯ ಮಣಿ ಮಾತ್ರ. ಹಿಂದಿನ ಗುರಿಕಡ್ಡಿಯ ಕೆಲಸವನ್ನು ಕಣ್ಣೇ ಮಾಡಬೇಕು. ಆ ಕಣ್ಣು ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಕೆನ್ನೆಗೆ ಒತ್ತುವ ಮರದ ಭಾಗ, ಅಂದರೆ ಸ್ಟಾಕ್. ಕಣ್ಣಿನಿಂದ ಮಣಿಗೆ ಸುಮಾರು ಒಂದು ಮೀಟರ್ ದೂರ ಎಂದುಕೊಳ್ಳಿ. ಕಣ್ಣು 3 ಮಿ.ಮೀ. ಮೇಲೆ ಸರಿದರೆ 35 ಮೀಟರ್ ಆಚೆ ಚರೆಗಳು ಸುಮಾರು 10 ಸೆಂ.ಮೀ. ಮೇಲೆ ಹೋಗುತ್ತವೆ. ಹೆಚ್ಚುಕಡಿಮೆ ಇಡೀ ತಟ್ಟೆಯಷ್ಟು! ತಟ್ಟೆ ಏರುತ್ತಲೇ ಹೋಗುವುದರಿಂದ ಟ್ರ್ಯಾಪ್ ಬಂದೂಕಿನ ಸ್ಟಾಕನ್ನು ಬೇಕೆಂದೇ ತುಸು ಎತ್ತರಿಸಿರುತ್ತಾರೆ. ಎಷ್ಟು ಎತ್ತರ ಎಂಬುದನ್ನು ಮಾತ್ರ ನಿಮ್ಮ ಕೆನ್ನೆಯೇ ಹೇಳಬೇಕು.

ಪರೀಕ್ಷೆ ಸುಲಭ. ಬಂದೂಕು ಖಾಲಿ ಇದೆಯೆಂದು ಎರಡು ಸಲ ನೋಡಿ. ಸುರಕ್ಷಿತ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ, ಭುಜಕ್ಕೆ ಏರಿಸಿ ಕೆನ್ನೆ ಒತ್ತಿ. ಆಮೇಲೆ ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ತುಸುವೇ ಕಂಡು, ಮಣಿ ನಟ್ಟನಡುವೆ ನಿಂತರೆ ಸರಿ. ಪಟ್ಟಿಯೇ ಕಾಣದಿದ್ದರೆ ಸ್ಟಾಕ್ ತಗ್ಗು. ಮಣಿ ಪಕ್ಕಕ್ಕೆ ಸರಿದಿದ್ದರೆ ಸ್ಟಾಕ್ ಎಡಕ್ಕೋ ಬಲಕ್ಕೋ ಬಾಗಬೇಕು. ಬಲಗೈಯವರಲ್ಲೂ ಕೆಲವರಿಗೆ ಗುರಿ ಹಿಡಿಯುವಾಗ ಎಡಗಣ್ಣೇ ಮುಂದಾಳು. ಅದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ಸ್ಪರ್ಧಿಗಳು ನಳಿಗೆಗಳು ಅಕ್ಕಪಕ್ಕ ಇರುವ ಹೊಲದ ಜೋಡುನಳಿಗೆ ಬಿಟ್ಟು ಒಂದರ ಮೇಲೊಂದು ನಳಿಗೆ ಇರುವ 12 ಬೋರ್ ಬಂದೂಕು ಆರಿಸಲು ಕಾರಣವೂ ನೋಟವೇ: ಕಣ್ಣೆದುರು ಕಿರಿದಾದ ಒಂದೇ ಗೆರೆ. ಕೆಳಗಿನ ನಳಿಗೆ ಮೊದಲು ಹಾರಿದರೆ ಒದೆತ ನೇರ ಭುಜಕ್ಕೆ ಬರುತ್ತದೆ, ತುದಿ ಕಡಿಮೆ ಮೇಲೇಳುತ್ತದೆ, ಎರಡನೇ ಗುಂಡಿಗೆ ಗುರಿ ಬೇಗ ಸಿಗುತ್ತದೆ.

ಚೋಕ್, ಅಂದರೆ ನಳಿಗೆ ತುದಿಯ ಬಿಗಿತದ ಮಾತು ಕೊನೆಗೆ. 24 ಗ್ರಾಂ ತೋಟಾದಲ್ಲಿ ಸುಮಾರು 300 ಚರೆ; ಅವು ಎಷ್ಟು ಹರಡಬೇಕೆಂದು ತೀರ್ಮಾನಿಸುವುದು ಚೋಕ್. ರೇಂಜಿನಲ್ಲಿ 35 ಮೀಟರ್ ದೂರ ದೊಡ್ಡ ಕಾಗದ ಕಟ್ಟಿ, ಒಂದೇ ಚುಕ್ಕೆಗೆ ಗುರಿಯಿಟ್ಟು ಹೊಡೆಯಿರಿ. ಪ್ರತಿ ಗುಂಡಿಗೂ ಹೊಸ ಕಾಗದ. ರಂಧ್ರಗಳ ನಡುಭಾಗ, ಬೇಕೆಂದೇ ಇಟ್ಟ ತುಸು ಎತ್ತರ ಬಿಟ್ಟು, ಪ್ರತಿ ಸಲವೂ ಒಂದೇ ಕಡೆ ಸರಿದಿದ್ದರೆ ಚೋಕ್ ಬದಲಿಸಿ ಪ್ರಯೋಜನವಿಲ್ಲ, ತಿದ್ದಬೇಕಾದದ್ದು ಸ್ಟಾಕನ್ನು.