ಕಾರಿನ ಬಣ್ಣಕ್ಕೆ ಕ್ಲೇ ಬಾರ್: ಸೂಕ್ತ ಲೂಬ್ರಿಕೆಂಟಿನ ಆಯ್ಕೆ

ಕಾರನ್ನು ತೊಳೆದ ನಂತರವೂ ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು, ಕಾರ್ಖಾನೆಯ ಧೂಳು ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಇವನ್ನು ಎತ್ತಿ ತೆಗೆಯುವ ಮೆದು ಮುದ್ದೆಯೇ ಕ್ಲೇ ಬಾರ್. ಮುದ್ದೆಗೂ ಬಣ್ಣಕ್ಕೂ ನಡುವೆ ಜಾರಿಕೆಯ ದ್ರವವಿಲ್ಲದಿದ್ದರೆ ಅದೇ ಕಣಗಳು ಮೇಲಿನ ಪಾರದರ್ಶಕ ಲೇಪವನ್ನು ಗೀರುತ್ತವೆ. ಈ ಲೇಪದ ದಪ್ಪ ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು. ಗೀರು ತೆಗೆಯಲು ಪಾಲಿಶ್ ಮಾಡಿದಷ್ಟೂ ಅದು ಸವೆಯುತ್ತದೆ. ದ್ರವದಲ್ಲಿ ಮಾಡಿದ ಉಳಿತಾಯ ಪಾಲಿಶ್ ಕೂಲಿಯಲ್ಲಿ ಕಳೆದುಹೋಗುತ್ತದೆ.

ಸಾಂಪ್ರದಾಯಿಕ ಕ್ಲೇಗೆ ಕೇವಲ ನೀರು ಸಾಲದು. ಕ್ಲೇ ತಯಾರಕರೇ ಸೂಚಿಸುವ ದ್ರವ ನಿರಪಾಯಕರವಾದರೂ ವೆಚ್ಚ ಹೆಚ್ಚು. ಹಲವು ಕಾರುಗಳನ್ನು ನಿರ್ವಹಿಸುವ ಘಟಕಗಳಿಗೆ ನೀರಿನಲ್ಲಿ ಬೆರೆಸಿದ ಕಾರ್ ಶಾಂಪೂ ಮಿತವ್ಯಯದ ಮಾರ್ಗ. ಆದರೆ ಕೆಲವು ಕ್ಲೇಗಳು ಸಾಬೂನು ನೀರಿನಲ್ಲಿ ಬಿಡಿಬಿಡಿಯಾಗುವುದರಿಂದ ಮೊದಲು ಸಣ್ಣ ತುಣುಕನ್ನು ಪರೀಕ್ಷಿಸುವುದು ಲೇಸು. ಮುಂದೆ ಸೆರಾಮಿಕ್ ಲೇಪ ಹಚ್ಚುವುದಿದ್ದರೆ ಮೇಣವುಳ್ಳ ದ್ರವ ಸಲ್ಲದು. ಉಳಿದ ಮೇಣವು ಲೇಪದ ಹಿಡಿತಕ್ಕೆ ಅಡ್ಡಿಯಾಗುತ್ತದೆ. ಯಾವ ದ್ರವವಾದರೂ ಕೆಲಸ ನೆರಳಿನಲ್ಲಿಯೇ ನಡೆಯತಕ್ಕದ್ದು.